ಅದು ಬ್ಯಾಡಗಿ ಗಾಳಿಯಲ್ಲ

ಶಮೀಮ್, ಆ ಚೀಸಿಗೆ ರುಚಿ ಬಂದದ್ದು ಬ್ಯಾಡಗಿಯ ಗಾಳಿಯಿಂದಲ್ಲ, ನನ್ನ ಬಿಯರಿನಿಂದ. ನಮ್ಮ ಹಿತ್ತಲ ಕೋಣೆಯ ಫ್ರಿಜ್ಜಿನಲ್ಲಿ, ನಿನ್ನ ಖಾನೆಯ ಮೇಲಿನ ಖಾನೆಯಲ್ಲಿ ನಾನು ಇಡುತ್ತಿದ್ದ ಬಾಟಲಿಗಳಲ್ಲಿ ಇದ್ದದ್ದು ಕಿಡ್ನಿ ಹರಳಿಗೆ ಕುಡಿಯುವ ಬಾರ್ಲಿ ಕಷಾಯ ಅಲ್ಲ. ಅದು ನಾನೇ ಕೈಯಾರೆ ಮಾಡಿದ ಬಿಯರ್. ಒಂದು ದಿನ ಅದು ಸೋರಿ ನಿನ್ನ ಚೀಸಿನ ಮೇಲೆ ಬಿತ್ತು. ನಾನು ಒರೆಸಿ ಮತ್ತೆ ಅಲ್ಲೇ ಇಟ್ಟೆ. ರಂಜಾನ್ ಹಬ್ಬದ ದಿನ ನೀನು ಅದನ್ನು ಕೊಯ್ದು ನಿನ್ನ ಅಬ್ಬಾನ ಕೈಗೆ ಕೊಟ್ಟೆ. ಅವರು ತಿಂದರು. ನಾನು ಪಕ್ಕದಲ್ಲೇ ಕುಳಿತು ನೋಡಿದೆ.

ಇಷ್ಟೇ ಮಾತು. ಒಂದು ಕಪ್ ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ವರ್ಷಗಳು ಹೋದವು.

ನಿನಗೆ ಗೊತ್ತಿರುವುದನ್ನೇ ಮತ್ತೆ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿ ಹೇಳಿದ್ದು. ಯಾವುದು ಖರೇ, ಯಾವುದು ಸುಳ್ಳು ಅಂತ ನಿನಗೆ ಬಿಡಿಸಿ ಕೊಡಬೇಕಾದರೆ ಪೂರಾ ಬಿಚ್ಚಲೇಬೇಕು.

ನಾನು ಎಂಥ ಮನುಷ್ಯ ಅಂತ ಓಣಿಗೆಲ್ಲ ಗೊತ್ತು — ಗೊತ್ತು ಅಂತ ಓಣಿ ತಿಳಿದುಕೊಂಡಿದೆ. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್ ಶಿವಾನಂದ. ಹಣೆಗೆ ವಿಭೂತಿ ಇಲ್ಲದೆ ಮನೆ ಬಿಡುವುದಿಲ್ಲ. ಮನೆಯೊಳಗೆ ತತ್ತಿ ಕೂಡ ಬರುವುದಿಲ್ಲ. ಯಾರ ಮನೆಯ ಗಂಡಸಾದರೂ ಕುಡಿದು ಬಂದು ಗಲಾಟೆ ಮಾಡಿದರೆ ಬುದ್ಧಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. ನಾನೂ ಹೋಗುತ್ತಿದ್ದೆ, ಟೊಂಕದ ಮೇಲೆ ಕೈ ಇಟ್ಟುಕೊಂಡು ಉಪದೇಶ ಮಾಡಿ ಬರುತ್ತಿದ್ದೆ. ಅದೇ ನಾನು ಮಷಿನಿನ ಸಾಮಾನು ತರುವ ನೆಪದಲ್ಲಿ ಆಗೀಗ ರಾಣೆಬೆನ್ನೂರಿಗೆ ಹೋಗಿ, ಪರಿಚಯದವರು ಯಾರೂ ಕಾಲಿಡದ ಒಂದು ಕಡೆ ಮೂಲೆ ಹಿಡಿದು ಕುಳಿತು, ಒಂದು ಬಾಟಲಿ ಬಿಯರ್ ಕುಡಿದು, ಬಡೇಸೋಪು ಜಗಿಯುತ್ತ ಬಸ್ಸು ಹತ್ತಿ ವಾಪಸ್ಸು ಬರುತ್ತಿದ್ದೆ. ಗಿರಿಜಾಗೆ ಮದುವೆಯಾದಾಗಿನಿಂದ ಇದು ಗೊತ್ತಿರಲಿಲ್ಲ. ನನ್ನ ಹೆಂಡತಿಗೇ ಗೊತ್ತಿರದಿದ್ದದ್ದು ನಿನಗೆ ಎಲ್ಲಿಂದ ಗೊತ್ತಾಗಬೇಕು?

ಲಾಕ್‌ಡೌನ್ ಬಂತು. ರಾಣೆಬೆನ್ನೂರೂ ಬಂದ್, ಅಂಗಡಿಗಳೂ ಬಂದ್. ಮನೆಯಲ್ಲಿ ಕುಳಿತು ಮೊಬೈಲ್ ನೋಡುತ್ತ ನೋಡುತ್ತ, ಬಿಯರ್ ಮನೆಯಲ್ಲೇ ಮಾಡುವ ವಿಡಿಯೋ ಕಣ್ಣಿಗೆ ಬಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಒಂದು ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಡ್ರಮ್ಮಿನಲ್ಲಿ ಮುಚ್ಚಿಡುವುದು. ಕೆಲಸ ಬಹಳೇನಿಲ್ಲ. ಇದು ಕಾನೂನಿಗೆ ವಿರುದ್ಧ ಎಂಬುದು ಗೊತ್ತಿತ್ತು. ಗೊತ್ತಿದ್ದೂ, ಕೊರಿಯರ್ ಶುರುವಾದ ಕೂಡಲೇ ಬಾರ್ಲಿ ತರಿಸಿದೆ. ಬಂದ ಮೂಟೆಯನ್ನು ಗಿರಿಜಾ ಬಾಗಿಲಲ್ಲೇ ಹಿಡಿದಳು. ಇಷ್ಟೊಂದು ಬಾರ್ಲಿ ಯಾತಕ್ಕೆ ಅಂತ ಕೇಳಿದಳು. ಕಿಡ್ನಿಯಲ್ಲಿ ಹರಳಾಗಿದೆ, ಬಾರ್ಲಿ ಕಷಾಯ ಕುಡಿಯಬೇಕಂತೆ, ಹಾವೇರಿ ಡಾಕ್ಟರು ಫೋನಿನಲ್ಲಿ ಹೇಳಿದರು ಅಂದೆ. ವಿಚಾರ ಮಾಡಿ ಹೇಳಿದ್ದಲ್ಲ. ಬಾಯಿಂದ ಉದುರಿಬಿಟ್ಟಿತು. ನನ್ನ ಸುಳ್ಳುಗಳಲ್ಲಿ ಮೊದಲನೆಯದು ಹೀಗೆ ಹುಟ್ಟಿತು, ಮಿಕ್ಕವು ಅದರ ಮಕ್ಕಳು.

ಗಿರಿಜಾ ಗಾಬರಿಯಾದಳು. ಗಾಬರಿಯಾದರೆ ಅವಳು ನಾಲ್ಕು ಮನೆಗೆ ಹೇಳುವವಳು. ಮರುದಿನ ಮುಂಜಾನೆ ನಮ್ಮಿಬ್ಬರ ಮನೆ ನಡುವಿನ ಗೋಡೆಯ ಮೇಲೆ ಒಂದು ಸ್ಟೀಲ್ ತಂಬಿಗೆ ಬಂದು ಕುಳಿತಿತ್ತು. ಅದರ ತುಂಬ ಬಿಸಿ ಬಿಸಿ ಹುರಳಿ ಕಟ್ಟು. ಹರಳಿಗೆ ಹುರಳಿ ಬೇಯಿಸಿದ ನೀರಿನಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನೀನು ಗಿರಿಜಾಗೆ ಹೇಳಿ ಹೋಗಿದ್ದೆಯಂತೆ. ಅವತ್ತು ನಾನು ನಕ್ಕೆ, ಶಮೀಮ್. ತಂಬಿಗೆ ಎತ್ತಿ ಕುಡಿದು ಮೀಸೆ ಒರೆಸಿಕೊಂಡು ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಿನ್ನ ಕಡೆ ಬೇರೆ ಪಾಡು ನಡೆದಿತ್ತು. ನಿನ್ನ ಗಂಡ ರಫೀಕನ ಚಹಾದಂಗಡಿ ಸ್ಟೇಷನ್ ಹತ್ತಿರ ಬಾಗಿಲು ಹಾಕಿಕೊಂಡು ಕುಳಿತಿತ್ತು. ಗಿರಾಕಿ ಇಲ್ಲ ಅಂತ ಹಳ್ಳಿಯಿಂದ ಬರುವ ಎಮ್ಮೆ ಹಾಲು ಬೇಡ ಅನ್ನಲು ನಿಮಗಿಬ್ಬರಿಗೂ ಮನಸ್ಸಾಗಲಿಲ್ಲ, ಅವರೂ ಬದುಕಬೇಕಲ್ಲ. ನೀನು ಖೋವಾ ಮಾಡಿದೆ, ಪನೀರ್ ಮಾಡಿದೆ, ಓಣಿಗೆಲ್ಲ ಹಂಚಿದೆ. ಆಮೇಲೆ ನೀನೂ ನನ್ನ ಹಾಗೆಯೇ ಮೊಬೈಲ್ ನೋಡಿ ಚೀಸಿಗೆ ಕೈ ಹಾಕಿದೆ. ಅಂಗಡಿ ತೆರೆದ ಮೇಲೂ ಬಿಡಲಿಲ್ಲ. ಹಾಲು ಹೆಪ್ಪುಗಟ್ಟಿಸಿ, ಹಿಂಡಿ, ಬಟ್ಟೆಯಲ್ಲಿ ಕಟ್ಟಿ, ಕಲ್ಲು ಹೇರಿ ಗಟ್ಟಿ ಮಾಡಿದ ಬೆಲ್ಲದಚ್ಚಿನಂಥ ಗಡ್ಡೆ. ಅದನ್ನು ತಿಂಗಳುಗಟ್ಟಲೆ ಇಡಬೇಕು. ಆದರೆ ಮನೆಯ ಫ್ರಿಜ್ಜಿನಲ್ಲಿ ಬಹಳ ಥಂಡಿ, ಹೊರಗೆ ನಮ್ಮ ಊರಿನ ಧಗೆ. ಥಂಡಿಯ ವಿಷಯ ನನಗೆ ಗೊತ್ತಿದೆ ಅಂತ ನನ್ನ ಹತ್ತಿರ ಬಂದು ಕೇಳಿದೆ.

ನನ್ನ ಹತ್ತಿರ ಅಂಥ ಫ್ರಿಜ್ ಆಗಲೇ ಇತ್ತು. ಹಳೆಯದು, ಹಿತ್ತಲ ಕೋಣೆಯಲ್ಲಿ. ನನ್ನ ಬಾಟಲಿಗಳಿಗಾಗಿ ಅದಕ್ಕೊಂದು ಕಂಟ್ರೋಲರ್ ಕೂಡಿಸಿ ಅರ್ಧ ಥಂಡಿಗೆ ನಿಲ್ಲಿಸಿದ್ದೆ. ಇಲ್ಲ ಅಂದಿದ್ದರೆ ಮುಗಿದಿತ್ತು. ಆದರೆ ಗುಟ್ಟು ಇಟ್ಟುಕೊಂಡವನಿಗೆ ಒಳ್ಳೆಯವನು ಅನಿಸಿಕೊಳ್ಳುವ ಆಸೆ ಬಹಳ ಇರುತ್ತದೆ. ಇಟ್ಟುಕೊಳ್ಳವ್ವಾ, ಕೆಳಗಿನ ಖಾನೆ ನಿನ್ನದು, ಮೇಲೆ ನನ್ನ ಕಷಾಯ ಇರುತ್ತದೆ ಅಂದೆ. ನೀನು ಬಾಟಲಿಗಳ ಕಡೆ ನೋಡಿ, ಇಷ್ಟೆಲ್ಲಾ ಕುಡಿಯಬೇಕೇನ್ರಿ, ಪಾಪ, ಅಂದೆ.

ಕೋಲ್ಡ್ ಸ್ಟೋರೇಜಿನಲ್ಲಿ ನನ್ನದೊಂದು ಕಾಯಿದೆ ಇದೆ, ನಿನಗೂ ಹೇಳಿದ್ದೇನೆ. ಮೆಣಸಿನಕಾಯಿ ಇಟ್ಟ ಕೋಣೆಯಲ್ಲಿ ಮತ್ತೊಂದು ಪದಾರ್ಥ ಇಡಬಾರದು. ಹುಣಸೆಹಣ್ಣು ಇಡುತ್ತೇವೆ, ಬೆಲ್ಲ ಇಡುತ್ತೇವೆ, ಮೂಲೆಯಲ್ಲಿ ಎರಡೇ ಚೀಲ ಅಂತ ವ್ಯಾಪಾರಸ್ಥರು ಗೋಗರೆಯುತ್ತಾರೆ. ನಾನು ಯಾರ ಮುಲಾಜಿಗೂ ಬಿದ್ದವನಲ್ಲ. ಮುಚ್ಚಿದ ಥಂಡಿಯಲ್ಲಿ ಒಂದರ ವಾಸನೆ ಇನ್ನೊಂದು ಹಿಡಿದೇ ಹಿಡಿಯುತ್ತದೆ, ಎಷ್ಟು ಕಟ್ಟಿಟ್ಟರೂ. ಆ ಕಾಯಿದೆಯನ್ನು ಮೆಣಸಿನಕಾಯಿಗೆ ಪಾಲಿಸಿದೆ. ನಿನ್ನ ಮನೆಯವರು ಬಾಯಿಗೆ ಇಡುವ ಅನ್ನಕ್ಕೆ ಪಾಲಿಸಲಿಲ್ಲ.

ಇನ್ನೊಂದು ಮಾತು ಇದೆ. ಅದನ್ನೂ ಬರೆಯುತ್ತೇನೆ. ಹಾಲು ಹೆಪ್ಪುಗಟ್ಟಿಸಲು ಒಂದು ಪುಡಿ ಹಾಕಬೇಕಲ್ಲ, ಅದರಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದೂ ಬರುತ್ತದೆ, ಪ್ರಾಣಿಯ ಸಂಬಂಧವೇ ಇಲ್ಲದ್ದೂ ಬರುತ್ತದೆ. ನೀನು ಹುಡುಕಿ ಹುಡುಕಿ ಎರಡನೆಯದನ್ನೇ ತರಿಸಿದೆ. ಡಬ್ಬಿಯನ್ನು ನನ್ನ ಮುಂದೆ ಹಿಡಿದು, ಅದರ ಮೇಲಿನ ಹಸಿರು ಚುಕ್ಕೆ ತೋರಿಸಿದೆ.

"ನಿಮ್ಮ ಮನ್ಯಾಗೂ ತಿನ್ನಬೇಕಲ್ರೀ ಅಣ್ಣಾರ. ಗಿರಿಜಾ ವೈನಿಗೆ ತೋರಿಸ್ರಿ, ಸಂಶಯ ಬ್ಯಾಡ."

ನಮ್ಮ ಬಾಯಿಗೆ ಸಲ್ಲದ್ದು ಒಂದು ಚಿಟಿಕೆಯೂ ಬೀಳಬಾರದು ಅಂತ ನೀನು ಅಷ್ಟು ಜೋಪಾನ ಮಾಡಿದೆ. ಆ ಡಬ್ಬಿಯನ್ನು ಹಿಡಿದುಕೊಂಡು ನಾನು ನಿಂತ ಜಾಗ ಯಾವುದು ಗೊತ್ತೇ? ಅದೇ ಫ್ರಿಜ್ಜಿನ ಮುಂದೆ. ಬಾಗಿಲು ತೆರೆದೇ ಇತ್ತು. ಮೇಲಿನ ಖಾನೆಯಲ್ಲಿ ನನ್ನ ಬಾಟಲಿಗಳು ಸಾಲಾಗಿ ಮಲಗಿದ್ದವು. ಆಗಲಾದರೂ — ಆ ಗಳಿಗೆಯಲ್ಲಾದರೂ — ಇಲ್ಲ, ಹೇಳಲಿಲ್ಲ. ಒಳ್ಳೆಯದಾಯಿತು ಬಿಡವ್ವಾ ಅಂದೆ.

ಆಮೇಲಿನ ದಿನಗಳು ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ನೀನು ಮುಂಜಾನೆ ಬಂದು ನಿನ್ನ ಗಡ್ಡೆಗಳನ್ನು ಹೊರಳಿಸಿ ಇಟ್ಟು ಹೋಗುತ್ತಿದ್ದೆ. ನಾನು ಸಂಜೆ ಕೆಲಸದಿಂದ ಬಂದು ಒಂದು ಬಾಟಲಿ ತೆಗೆದು 'ಔಷಧ' ಕುಡಿಯುತ್ತಿದ್ದೆ. ಹೊಸ ಚೀಸು ಕೊಯ್ದಾಗೆಲ್ಲ ನೀನು ಮೊದಲ ತುಂಡು ನನಗೇ ಕೊಡುತ್ತಿದ್ದೆ. ಮೆಣಸಿನಕಾಯಿಯ ಖಾರ ನಾಲಿಗೆ ಮೇಲೆ ಇಟ್ಟು ಹೇಳುವವರು ನೀವು, ಇದನ್ನೂ ಹೇಳಿರಿ ಅಂತ. ನಾನು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ದೊಡ್ಡ ಪರಿಣತನ ಹಾಗೆ ಉಪ್ಪು ಹೆಚ್ಚು, ಹುಳಿ ಕಡಿಮೆ ಅನ್ನುತ್ತಿದ್ದೆ. ಚೀಸು ಸಾದಾ ಇರುತ್ತಿತ್ತು. ಕೆಟ್ಟದ್ದೇನಲ್ಲ, ಅಂಗಡಿಯ ಪ್ಯಾಕೆಟ್ಟಿನದ್ದಕ್ಕಿಂತ ಒಂದು ಕೈ ಮೇಲು.

ಆ ವರ್ಷ ಯುಗಾದಿಯ ಬೆನ್ನಿಗೇ ರಂಜಾನ್ ತಿಂಗಳು ಶುರುವಾಯಿತು. ಹಬ್ಬದ ದಿನ ಕೊಯ್ಯಲು ಅಂತ ನೀನು ಒಂದು ದೊಡ್ಡ ಗಡ್ಡೆಯನ್ನು ಬೇರೆಯೇ ಇಟ್ಟಿದ್ದೆ. ಯುಗಾದಿಗೆ ಮೊದಲು ಒಂದು ದಿನ ಲೈನ್ ದುರಸ್ತಿ ಅಂತ ಮುಂಜಾನೆಯಿಂದ ಸಂಜೆಯವರೆಗೆ ಕರೆಂಟ್ ತೆಗೆದರು. ಬಿಸಿಲೆಂದರೆ ಬಿಸಿಲು. ಆ ಸಲ ನಾನು ನೊರೆ ಹೆಚ್ಚು ಬರಲಿ ಅಂತ ಬಾಟಲಿಗಳಿಗೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದ್ದೆ. ನನ್ನ ಬಾಯಿಚಪಲ. ಫ್ರಿಜ್ ಕಾದಿದೆ, ಒಳಗಿನ ಗ್ಯಾಸು ಉಬ್ಬಿದೆ, ಒಂದು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಸಡಿಲಾಗಿ ಪೂರಾ ಬಿಯರ್ ತಂತಿಯ ಖಾನೆಯಿಂದ ಕೆಳಗೆ ಇಳಿದಿದೆ. ಸಂಜೆ ಬಂದು ಬಾಗಿಲು ತೆರೆದರೆ ನಿನ್ನ ಹಬ್ಬದ ಗಡ್ಡೆ, ಅದಕ್ಕೆ ಸುತ್ತಿದ ಬಿಳಿ ಬಟ್ಟೆ ಸಮೇತ, ತಟ್ಟೆಯೊಳಗೆ ಬಿಯರಿನಲ್ಲಿ ಅರ್ಧ ಮುಳುಗಿ ಕುಳಿತಿತ್ತು.

ನಾನು ಏನೇನು ಮಾಡಬಹುದಿತ್ತು ಅಂತ ಇಷ್ಟು ವರ್ಷ ಲೆಕ್ಕ ಹಾಕಿದ್ದೇನೆ. ಗೋಡೆಯ ಮೇಲಿಂದ ಕೂಗಿ ಖರೇ ಮಾತು ಹೇಳಬಹುದಿತ್ತು. ಅಷ್ಟು ಧೈರ್ಯ ಇಲ್ಲದಿದ್ದರೆ, ಕರೆಂಟ್ ಹೋಗಿ ಕೆಟ್ಟಿತು, ಬೆಕ್ಕು ಬಾಯಿ ಹಾಕಿತು ಅಂತ ಇನ್ನೊಂದು ಸುಳ್ಳು ಹೇಳಿ ಅದನ್ನು ಎಸೆಯಬಹುದಿತ್ತು. ಆ ಸುಳ್ಳಿನಲ್ಲಾದರೂ ಒಂದು ಮರ್ಯಾದೆ ಇರುತ್ತಿತ್ತು, ನೋಡು. ನಿನ್ನ ಕಷ್ಟ ಹಾಳಾಗುತ್ತಿತ್ತು, ನಿನ್ನ ಮನೆ ಉಳಿಯುತ್ತಿತ್ತು. ಎಸೆದರೆ ನೀನು ಬಂದು ನೋಡುತ್ತೀ, ಮೂಸುತ್ತೀ, ಕೇಳುತ್ತೀ — ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ನಿನ್ನ ಅಬ್ಬಾ, ನಿನ್ನ ಹಬ್ಬ, ಯಾವುದೂ ನೆನಪಿಗೆ ಬರಲಿಲ್ಲ. ಬಟ್ಟೆ ಬಿಚ್ಚಿ ತೊಳೆದು ಹಿಂಡಿದೆ. ಗಡ್ಡೆಯನ್ನು ಉಪ್ಪುನೀರಿನಲ್ಲಿ ಒರೆಸಿದೆ. ಅದೇ ಬಟ್ಟೆ ಸುತ್ತಿ ಅದೇ ಜಾಗದಲ್ಲಿ ಇಟ್ಟೆ. ನೆಲ ಸಾರಿಸಿದೆ. ಅಗರಬತ್ತಿ ಕೂಡ ಹಚ್ಚಿದೆ.

ವಾಸನೆ ಹೋಗಲಿಲ್ಲ. ಹೋಗಲಿ ಅಂತ ಮರುದಿನವೂ ಒರೆಸಿದೆ, ಅದರ ಮರುದಿನವೂ. ಆ ತಿಂಗಳೆಲ್ಲ, ನೀವು ಉಪವಾಸ ಇದ್ದ ತಿಂಗಳು, ನೀನು ಮುಂಜಾನೆ ಹೊರಳಿಸಿ ಹೋದ ಚೀಸನ್ನು ನಾನು ಸಂಜೆ ಕಳ್ಳನ ಹಾಗೆ ಬಿಚ್ಚಿ ಉಪ್ಪುನೀರಿನಲ್ಲಿ ಒರೆಸಿ ಮತ್ತೆ ಕಟ್ಟಿಡುತ್ತಿದ್ದೆ. ಒರೆಸಿದಷ್ಟೂ ಅದರ ಮೈ ಅಂಟಂಟಾಯಿತು. ಬಣ್ಣ ತಿರುಗಿತು. ಮೊದಲು ನಿಂಬೆಹಣ್ಣಿನ ಬಣ್ಣ, ಆಮೇಲೆ ಕಿತ್ತಳೆ, ಆಮೇಲೆ ಹೆಚ್ಚೂಕಡಿಮೆ ನಮ್ಮ ಒಣ ಮೆಣಸಿನಕಾಯಿಯದೇ ಕೆಂಪು. ಒಂದು ಮುಂಜಾನೆ ನೀನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದೆ. ಮುಖ ಸಣ್ಣಗಾಗಿತ್ತು.

"ಅಣ್ಣಾರ, ಇದು ಕೆಂಪಗ ಆಗೇತ್ರಿ. ಕೆಟ್ಟೈತೇನು? ಚೆಲ್ಲಿಬಿಡಲೇನು?"

ನೀನೇ ಚೆಲ್ಲುತ್ತೇನೆ ಅಂದಿದ್ದೆ. ನಾನು ಒಂದು 'ಹೂಂ' ಅಂದಿದ್ದರೆ ಸಾಕಿತ್ತು! ಆದರೆ ನೀನು ಆ ಗಡ್ಡೆಗೆ ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ಗೊತ್ತಿತ್ತು. ಅದೂ ಪೂರಾ ಖರೇ ಅಲ್ಲ. ಚೆಲ್ಲಿದರೆ ಯಾಕೆ ಕೆಟ್ಟಿತು ಅಂತ ನೀನು ವಿಚಾರ ಮಾಡಲು ಕೂಡುತ್ತೀ ಅನ್ನುವ ಹೆದರಿಕೆಯೇ ದೊಡ್ಡದಿತ್ತು. ಹೊರಗೆ ಮಾರ್ಕೆಟ್ಟಿನ ಕಡೆಯಿಂದ ಮೆಣಸಿನಕಾಯಿ ಘಾಟು ಬರುತ್ತಿತ್ತು. ಅದೇ ನನ್ನ ಬಾಯಿಗೆ ಮಾತು ಕೊಟ್ಟಿತು.

"ಕೆಟ್ಟಿಲ್ಲವ್ವಾ. ಬ್ಯಾಡಗಿ ಗಾಳಿ ಹಿಡದೈತಿ ಅದಕ್ಕ."

ಈ ಒಂದು ಮಾತು. ನೀನು ನಂಬಿದೆ. ಯಾಕೆ ನಂಬಬಾರದು? ಥಂಡಿಯ ವಿಷಯ, ವಾಸನೆಯ ವಿಷಯ ನನಗಿಂತ ಗೊತ್ತಿದ್ದವರು ಊರಲ್ಲಿ ಯಾರಿದ್ದಾರೆ.

ನಿನ್ನ ಅಬ್ಬಾ ಖಾದರ್ ಮಾಸ್ತರು ಅಂದರೆ ನನಗೂ ಮಾಸ್ತರು. ಅಗಡಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ಒತ್ತಕ್ಷರ ತಪ್ಪಿದರೆ ಕಿವಿ ಹಿಂಡಿದವರು. ಅವರ ನೇಮ ಎಂಥದ್ದು ಅಂತ ನಿನಗಿಂತ ಮೊದಲು ನಾನು ಕಂಡಿದ್ದೇನೆ. ಕೆಮ್ಮಿನ ಔಷಧ ತಂದುಕೊಟ್ಟರೆ ಕನ್ನಡಕ ಹಾಕಿಕೊಂಡು ಶೀಸೆಯ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದರು. ಅದರಲ್ಲಿ ಒಂದು ತೊಟ್ಟು ಆಲ್ಕೋಹಾಲ್ ಇದೆ ಅಂತ ಕಂಡರೆ ಶೀಸೆ ವಾಪಸ್ಸು. ಎದೆ ಕಿತ್ತುಹೋಗುವ ಹಾಗೆ ಕೆಮ್ಮುತ್ತಿದ್ದರೂ ಸರಿ, ಜೇನುತುಪ್ಪ ಶುಂಠಿಯಲ್ಲೇ ತಡೆದುಕೊಳ್ಳುತ್ತಿದ್ದರು. ಎಂಬತ್ತು ದಾಟಿದ ಮೇಲೂ ಆ ನೇಮ ಬಿಟ್ಟವರಲ್ಲ.

ಹಬ್ಬದ ದಿನ ನಮ್ಮನ್ನು ಕರೆದಿರಿ. ಶಾವಿಗೆಯ ಸುರಕುಂಬಾ ಕೊಟ್ಟಿರಿ. ಆಮೇಲೆ ನೀನು ಆ ಕೆಂಪು ಗಡ್ಡೆಯನ್ನು ತಟ್ಟೆಯಲ್ಲಿಟ್ಟು ತಂದು ಕೊಯ್ದೆ. ಒಳಗೆ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಹಿರಿಯರು ಅಂತ ಮೊದಲ ತುಂಡು ಅವರಿಗೆ. ನಾನು ಚಾಪೆಯ ಅಂಚು ಹಿಡಿದುಕೊಂಡು ಕುಳಿತಿದ್ದೆ. ಮಾಸ್ತರ, ತಿನ್ನಬೇಡ್ರಿ — ಮಾತು ಗಂಟಲಿನವರೆಗೆ ಬಂದಿತ್ತು, ಶಮೀಮ್. ಗಂಟಲಿನವರೆಗೆ ಬಂದದ್ದಕ್ಕೆ ಯಾವ ಕಿಮ್ಮತ್ತೂ ಇಲ್ಲ ಅಂತ ಗೊತ್ತು. ಅವರು ಬಾಯಿಗೆ ಹಾಕಿಕೊಂಡರು. ನಿಧಾನ ಜಗಿದರು. ಕಣ್ಣು ಅರಳಿದವು.

"ನನ್ನ ಮಗಳ ಕೈಯಾಗ ಬರಕತ್ ಐತಿ ನೋಡೋ ಶಿವಾನಂದ. ನನಗ ಇನ್ನೊಂದು ಚೂರು ಕೊಡವಾ."

ಇನ್ನೊಂದು ಚೂರು. ನೀನು ಕೊಟ್ಟೆ. ನನಗೂ ಕೊಟ್ಟೆ. ನಾನೂ ತಿಂದೆ. ಅಂಥ ರುಚಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅದೇ ನನ್ನ ಶಿಕ್ಷೆಯೋ ಏನೋ. ಕೆಟ್ಟದಾಗಿದ್ದಿದ್ದರೆ ಅಲ್ಲಿಗೇ ಮುಗಿದು ಹೋಗುತ್ತಿತ್ತು.

ಆ ವಾರವೇ ಉಳಿದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ, ಡ್ರಮ್ಮು ಗುಜರಿಗೆ ಹಾಕಿದೆ. ಬಿಟ್ಟೆ ಅಂತ ಹೆಮ್ಮೆ ಪಡುವ ಹಾಗಿಲ್ಲ. ಹೆದರಿ ಬಿಟ್ಟದ್ದು. ಹರಳು ಕರಗಿತೇನ್ರಿ ಅಂತ ನೀನು ಕೇಳಿದಾಗ, ಇಲ್ಲವ್ವಾ, ಕಷಾಯ ಮೈಗೆ ಆಗಲಿಲ್ಲ, ಹುರಳಿ ಕಟ್ಟೇ ನನಗೆ ಆಗಿಬರುವುದು ಅಂದೆ. ಹಾಗೆ ಅಂದದ್ದಕ್ಕೆ ತಂಬಿಗೆ ನಿಲ್ಲಲಿಲ್ಲ. ಇವತ್ತಿಗೂ ವಾರಕ್ಕೊಮ್ಮೆಯಾದರೂ ಗೋಡೆಯ ಮೇಲೆ ಬಂದು ಕೂಡುತ್ತದೆ.

ಆ ಗಡ್ಡೆಯ ಒಂದು ತುಂಡನ್ನು ರಫೀಕ್ ರಾಣೆಬೆನ್ನೂರಿನ ಒಬ್ಬ ಬೇಕರಿಯವರಿಗೆ ಕೊಟ್ಟ. ಅವರು ಮರುದಿನವೇ ಬ್ಯಾಡಗಿಗೆ ಬಂದು ನಿಮ್ಮ ಪಡಸಾಲೆಯಲ್ಲಿ ಕುಳಿತರು. ಸಾದಾ ಚೀಸು ಎಲ್ಲಿಯಾದರೂ ಸಿಗುತ್ತದೆ, ಇಂಥದ್ದನ್ನು ಕೊಟ್ಟರೆ ವಾರವಾರವೂ ಒಯ್ಯುತ್ತೇನೆ ಅಂದರು. ಇದು ಹೇಗೆ ಬಂತು ಅಂತ ಕೇಳಿದರು. ನೀನು ಹೆಮ್ಮೆಯಿಂದ, ಬ್ಯಾಡಗಿ ಗಾಳಿ ಅಂದೆ. ನನ್ನ ಕಡೆ ತಿರುಗಿ, ಅಲ್ಲೇನ್ರಿ ಅಣ್ಣಾರ, ಅಂದೆ. ನಾನು ತಲೆ ಅಲ್ಲಾಡಿಸಿದೆ.

ಅಲ್ಲಿಂದ ನಿನ್ನ ಹುಡುಕಾಟ ಶುರುವಾಯಿತು. ಮುಂದಿನದು ಅದರ ಹಾಗೆ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಹಿತ್ತಲ ಕೋಣೆಗೆ ಗಾಳಿ ಸಾಲುವುದಿಲ್ಲ ಅಂತ ನೀನು ಮಾರ್ಕೆಟ್ ಯಾರ್ಡಿನ ಹಿಂದೆ, ಮೆಣಸಿನಕಾಯಿ ಗೋದಾಮಿಗೆ ಗೋಡೆ ಹಚ್ಚಿದ ಒಂದು ಕೋಣೆ ಹಿಡಿದೆ. ನಿನ್ನ ಮದುವೆಯ ಬಳೆ ಅಡವಿಟ್ಟು ಎರಡು ಹಳೆಯ ಫ್ರಿಜ್ ಕೊಂಡೆ. ಅವಕ್ಕೆ ಕಂಟ್ರೋಲರ್ ಕೂಡಿಸಿ ಕೊಟ್ಟವನು ಯಾರು? ನಾನೇ. ನಿನ್ನ ಕಣ್ಣೆದುರೇ ಸ್ಕ್ರೂ ತಿರುಗಿಸುತ್ತ ಕುಳಿತೆ. ನೀನು ದಿನಾ ಮುಂಜಾನೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಕಿಟಕಿ ತೆರೆದಿಟ್ಟು, ಗೋದಾಮಿನ ಘಾಟು ಒಳಗೆ ಬರಲಿ ಅಂತ ಅಲ್ಲೇ ಕಾಯುತ್ತ ಕೂಡುತ್ತಿದ್ದೆ. ಚೀಸಿನ ಮೈಗೆ ಮೆಣಸಿನಪುಡಿ ಹಚ್ಚಿ ನೋಡಿದೆ. ಕಾಯಿಯ ತೊಟ್ಟಿನ ಹೊಗೆ ಕೊಟ್ಟು ನೋಡಿದೆ. ಪ್ರತಿ ಸಲ ಕೊಯ್ದಾಗಲೂ ಮೊದಲ ತುಂಡು ನನಗೆ — ಆ ರುಚಿ ನೆನಪಿರುವ ನಾಲಿಗೆ ನಿಮ್ಮದೊಂದೇ ಅಂತ. ಪ್ರತಿ ಸಲವೂ ನಾನು ಕಣ್ಣು ಮುಚ್ಚಿ, ಸ್ವಲ್ಪ ಹತ್ತಿರ ಬಂದಿದೆ ನೋಡವ್ವಾ, ಅನ್ನುತ್ತಿದ್ದೆ.

ಹತ್ತಿರ ಬಂದಿರಲಿಲ್ಲ. ಯಾವತ್ತೂ ಬಂದಿರಲಿಲ್ಲ. ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ, ಇದೆ ಅಂದದ್ದರಿಂದ ನೀನು ಮತ್ತೊಂದು ವರ್ಷ ಆ ಕೋಣೆಯಲ್ಲಿ ಕುಳಿತೆ.

ಇನ್ನೂ ಒಂದಿದೆ. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾಗ ಅದೇ ಕೆಂಪು ಚೀಸು ಕಂಡಿತು. ಹೊರದೇಶಗಳಲ್ಲಿ ಅದನ್ನು ಬೇಕೆಂದೇ ಹಾಗೆ ಮಾಡುತ್ತಾರೆ. ಕೆಲವರು ಬಿಯರಿನಲ್ಲಿ ಒರೆಸುತ್ತಾರೆ, ಕೆಲವರು ಬರೀ ಉಪ್ಪುನೀರಿನಲ್ಲಿ. ಬರೀ ಉಪ್ಪುನೀರು, ಶಮೀಮ್. ದಿನಾ ಒರೆಸಿದರೆ ಆಯಿತು. ಬಿಯರ್ ಇರದಿದ್ದರೂ ಬಹುಶಃ ಅದೇ ಬಣ್ಣ, ಅದಕ್ಕೆ ಹತ್ತಿರದ ರುಚಿ ಬರುತ್ತಿತ್ತು. ನನ್ನ ಬಿಯರಿನ ಸುದ್ದಿ ಎತ್ತದೆಯೂ, ಉಪ್ಪುನೀರಿನಲ್ಲಿ ಒರೆಸಿ ನೋಡವ್ವಾ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಬಳೆ ವಾಪಸ್ಸು ಬರುತ್ತಿದ್ದವು. ಅದನ್ನೂ ಹೇಳಲಿಲ್ಲ. ನಿಮಗ ಹೆಂಗ ಗೊತ್ತಾತ್ರಿ ಅಂತ ನೀನು ಕೇಳಿದರೆ? ಆ ಒಂದು ಪ್ರಶ್ನೆಗೆ ಹೆದರಿ ಬಾಯಿ ಹೊಲಿದುಕೊಂಡು ಕುಳಿತೆ.

ಅದನ್ನು ನೋಡಿದ ವರ್ಷವೇ ಮಾಸ್ತರು ತೀರಿಕೊಂಡರು. ವಯಸ್ಸಾಗಿತ್ತು, ಬಹಳ ನರಳದೆ ಹೋದರು. ಮಣ್ಣು ಕೊಡುವಾಗ ನಾನೂ ಒಂದು ಮುಷ್ಟಿ ಹಾಕಿದೆ. ಅವರ ಮುಂದೆ ನಿಂತು ಕಿವಿ ಹಿಂಡಿಸಿಕೊಳ್ಳುವ ಅವಕಾಶ ನನ್ನ ಕೈಯಾರೆ ಕಳೆದುಕೊಂಡೆ. ಆಮೇಲೆ ನಿಮ್ಮ ಧರ್ಮ ತಿಳಿದವರೊಬ್ಬರನ್ನು ಸುತ್ತಿ ಬಳಸಿ, ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ. ಗೊತ್ತಿಲ್ಲದೆ ತಿಂದವರಿಗೆ ಅದರ ಗುನಾ, ಅಂದರೆ ಪಾಪ, ಹತ್ತುವುದಿಲ್ಲ ಅಂದರು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಮನೆಯ ತನಕ ಹಗುರಾಗಿಯೇ ನಡೆದು ಬಂದೆ. ಬಾಗಿಲ ಹತ್ತಿರ ಬಂದಾಗ ಹೊಳೆಯಿತು — ಗೊತ್ತಿಲ್ಲದವರಿಗೆ ಹತ್ತುವುದಿಲ್ಲ. ನನಗೆ ಗೊತ್ತಿತ್ತು.

ಈಗ ನಿನ್ನ ಕೆಮ್ಮು. ಮೊದಮೊದಲು ಗೋದಾಮಿನ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ ಅಂದುಕೊಂಡೆವು. ಈ ಮಳೆಗಾಲದಲ್ಲಿ ಗೋದಾಮು ಖಾಲಿ ಇದ್ದರೂ ನಿಲ್ಲಲಿಲ್ಲ. ಗೋಡೆಯ ಈ ಕಡೆ ಕುಳಿತರೂ ಕೇಳಿಸುತ್ತದೆ. ಹೋದ ವಾರ ರಫೀಕ್ ನಿನ್ನನ್ನು ಹಾವೇರಿಗೆ ಕರೆದುಕೊಂಡು ಹೋಗಿದ್ದ. ಇನ್ನೊಂದು ಸೀಸನ್ ಆ ಕೋಣೆಯಲ್ಲಿ ಕುಳಿತರೆ ಪುಪ್ಪುಸ ಕೈಕೊಡುತ್ತದೆ ಅಂತ ಡಾಕ್ಟರು ಹೇಳಿದರಂತೆ. ನೀನು ಬಂದು ಗಿರಿಜಾಗೆ ಏನು ಹೇಳಿದೆ ಅಂತ ನಾನು ಒಳಗಿನಿಂದ ಕೇಳಿಸಿಕೊಂಡೆ. ಇದೊಂದು ವರ್ಷ ನೋಡುತ್ತೇನೆ ವೈನಿ, ಹೊಸ ಮೆಣಸಿನಕಾಯಿ ಬರಲಿ, ಆ ಗಾಳಿಯೊಳಗೆ ಒಮ್ಮೆ ಬಂದದ್ದು ಮತ್ತೆ ಬಾರದೆ ಎಲ್ಲಿ ಹೋಗುತ್ತದೆ, ಅಂದೆ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಿರಿಜಾಗೆ ಎಲ್ಲ ಹೇಳಿದೆ. ರಾಣೆಬೆನ್ನೂರಿನಿಂದ ಹಿಡಿದು. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೇ ವಾಪಸ್ಸು ಹಾಕಿದಳು. ನನ್ನ ಹರಳು ಕರಗಲಿ ಅಂತ ಅವಳು ಸೋಮವಾರ ಒಪ್ಪತ್ತು ಹಿಡಿದಿದ್ದಳು, ಅದು ನನಗೆ ಆಗ ಗೊತ್ತಾಯಿತು. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ನನಗ ಹೇಳಿದ್ದು ಆತು. ಆಕೀಗೆ ಹೇಳ್ರಿ. ಹೊಸ ಕಾಯಿ ಬರೂದರಾಗ ಹೇಳ್ರಿ," ಅಂದಳು.

ಅದಕ್ಕೇ ಇದನ್ನೆಲ್ಲ ಮೊದಲು ಹೀಗೆ ಬರೆದು, ಓದಿ, ನಾಲಿಗೆಗೆ ರೂಢಿ ಮಾಡಿಕೊಳ್ಳುತ್ತಿದ್ದೇನೆ. ನಿನ್ನ ಮುಂದೆ ನಿಂತಾಗ ಮತ್ತೆ ಏನಾದರೂ ಗಾಳಿಯ ಮಾತು ಬಾಯಿಂದ ಉದುರೀತು ಅಂತ ಹೆದರಿಕೆ. ನೀನು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ರಫೀಕ್ ಕೈ ಎತ್ತಬಹುದು. ಮಾಸ್ತರ ಹೆಸರು ಹೇಳಿ ನೀನು ಅತ್ತರೆ ಏನು ಮಾಡಬೇಕು ಅಂತ ಮಾತ್ರ ನನಗೆ ಗೊತ್ತಿಲ್ಲ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟೀಯೆ, ನಿನ್ನ ಸ್ವಭಾವ ಅಂಥದ್ದು. ಅದನ್ನು ಇಸಿದುಕೊಂಡು ಬರುವ ಮುಖ ನನಗಿಲ್ಲ. ಆ ಕೋಣೆಗೆ ಹೋಗಬೇಡ, ಉಪ್ಪುನೀರಿನಲ್ಲಿ ಒರೆಸು, ರುಚಿ ನಿನ್ನ ಕೈಯಲ್ಲೇ ಇತ್ತು, ಹಾಳು ಮಾಡಿದವನು ನಾನು — ಇಷ್ಟನ್ನು ಹೇಳಿ ನಿಲ್ಲುತ್ತೇನೆ.

ಇವತ್ತು ಮುಂಜಾನೆಯೂ ಗೋಡೆಯ ಮೇಲೆ ತಂಬಿಗೆ ಇಟ್ಟಿದ್ದೀ. ನಮ್ಮ ಓಣಿಯಲ್ಲಿ ಒಬ್ಬರ ಪಾತ್ರೆಯನ್ನು ಬರಿದೇ ವಾಪಸ್ಸು ಕೊಡುವುದಿಲ್ಲ. ಗಿರಿಜಾ ಯಾವಾಗಲೂ ಅದರಲ್ಲಿ ಒಂದು ಹಿಡಿ ಸಕ್ಕರೆಯೋ ನಾಲ್ಕು ಕರಿಬೇವಿನ ಎಸಳೋ ಹಾಕಿ ಕಳಿಸುತ್ತಾಳೆ. ಇವತ್ತು ಅವಳು ಮುಟ್ಟಲಿಲ್ಲ. ನಾನೂ ಕುಡಿಯಲಿಲ್ಲ. ನೀನು ತುಂಬಿ ಕೊಟ್ಟದ್ದು ಹಾಗೆಯೇ ಇದೆ, ಇನ್ನೂ ಬೆಚ್ಚಗಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಮೇಲಿಂದಲ್ಲ, ರಸ್ತೆಯ ಕಡೆಯಿಂದ ನಿಮ್ಮ ಮುಂಬಾಗಿಲಿಗೆ ಬರುತ್ತೇನೆ. ಯಾಕ್ರೀ ಅಣ್ಣಾರ, ಕುಡಿಲಿಲ್ಲೇನು ಅಂತ ನೀನು ಕೇಳುತ್ತೀ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನಗೆ ಹರಳು ಇಲ್ಲ, ಶಮೀಮ್. ಯಾವತ್ತೂ ಇರಲಿಲ್ಲ.